ಅಮ್ಮನ ಸಹಿ ಯಾರ ಪತ್ರಕ್ಕೆ?

2021ರ ಜನವರಿ 16, ಶನಿವಾರ. ಕೊರೊನಾ ಲಸಿಕೆ ಕೊಡಲು ಶುರು ಮಾಡಿದ ದಿನ, ಹಾಗಾಗಿ ತಾರೀಕು ಮರೆತಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸು ಹಿಡಿದು ನಾನು ಗುರುಪುರದ ಮನೆಗೆ ಬಂದಾಗ ಟಿವಿಯಲ್ಲಿ ಅದೇ ಸುದ್ದಿ. ಅಮ್ಮ ಜಗಲಿಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು.

"ಇವತ್ತು ಬ್ರಾಂಚಿನಲ್ಲಿ ಒಂದು ಕಾಗದಕ್ಕೆ ಸೈನ್ ಹಾಕಿಸಿಕೊಂಡ್ರು ಮಗಾ" ಅಂದಳು, ತಲೆ ಎತ್ತದೆ.

"ಎಂತ ಕಾಗದ?"

"ಎಂತದೋ. ಹೊಸ ಕಾನೂನು ಬರ್ತದಂತೆ, ಬೀಡಿ ಬಂದ್ ಆಗ್ತದಂತೆ. ಬೇಡ ಅಂತ ದೆಹಲಿಗೆ ಕಳಿಸ್ಲಿಕ್ಕೆ ಅಂತೆ. ಎಲ್ಲರೂ ಹಾಕಿದ್ರು, ನಾನೂ ಹಾಕಿದೆ."

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಬ್ರಾಂಚ್ ಅಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಕಂಪನಿಯ ಪರವಾಗಿ ಒಬ್ಬರು ಊರಲ್ಲಿ ಒಂದು ಕೋಣೆ ಇಟ್ಟಿರುತ್ತಾರೆ. ಹೆಂಗಸರು ಅಲ್ಲಿಂದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತರುತ್ತಾರೆ. ಮನೆಯಲ್ಲಿ ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹುಡಿ ತುಂಬಿ, ಸುತ್ತಿ, ನೂಲು ಕಟ್ಟಿ, 25ರ ಕಟ್ಟು ಮಾಡಿ ವಾಪಸು ಕೊಂಡುಹೋಗುತ್ತಾರೆ. ಅಲ್ಲಿ ಎಣಿಸಿ, ಸರಿಯಿಲ್ಲದ್ದನ್ನು ತೆಗೆದುಹಾಕಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಮ್ಮ 31 ವರ್ಷ ಈ ಕೆಲಸ ಮಾಡಿದ್ದಾಳೆ. ನನ್ನ ಪಿಯುಸಿ, ತಮ್ಮನ ಐಟಿಐ ಎರಡೂ ಆ ತಡ್ಪೆಯಿಂದಲೇ ನಡೆದದ್ದು.

ಆಚೆ ಮನೆ ಅಕ್ಕನ ಮಗಳ ಮೊಬೈಲಿನಲ್ಲಿ ಆ ಕಾಗದದ ಫೋಟೋ ಸಿಕ್ಕಿತು. ಎರಡು ಪುಟ, ಪೂರ್ತಿ ಇಂಗ್ಲಿಷ್. ನಾನು ಹಂಪನಕಟ್ಟೆಯ ಒಂದು ಡಿಟಿಪಿ ಸೆಂಟರಿನಲ್ಲಿ ಟೈಪಿಂಗ್ ಮಾಡುವವಳು. ಅಫಿಡವಿಟ್ಟು, ಕರಾರುಪತ್ರ ಇವುಗಳ ಇಂಗ್ಲಿಷ್ ದಿನಾ ನೋಡುತ್ತೇನೆ. ಹಾಗಾಗಿ ಓದಿದೆ. "ಬಡ ಬೀಡಿ ಕಾರ್ಮಿಕರಾದ ನಾವು" ಎಂದು ಶುರು. ತಂಬಾಕು ಕಾಯ್ದೆಯ ತಿದ್ದುಪಡಿ ಕರಡನ್ನು ಇಡಿಯಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಕೊನೆ. ನಡುವೆ ಮಾರಾಟ, ತೆರಿಗೆ, ದಂಡ, ಅಕ್ರಮ ಸರಕು, ವ್ಯಾಪಾರಕ್ಕೆ ಆಗುವ ನಷ್ಟ. ಮಜೂರಿಯ ಬಗ್ಗೆ ಒಂದು ಸಾಲೂ ಇಲ್ಲ. ಪಿಎಫ್ ಇಲ್ಲ, ಸೊಂಟನೋವು ಇಲ್ಲ, ಕೆಮ್ಮು ಇಲ್ಲ.

ನಾನು ಸಾಲು ಸಾಲಾಗಿ ತುಳುವಿನಲ್ಲಿ ಹೇಳಿದೆ. ಅಮ್ಮ ಕೇಳಿದಳು. ಕೈ ನಿಂತಿತು. ಬೀಡಿ ಕಟ್ಟುವವರ ಕೈ ಸುಮ್ನೆ ನಿಲ್ಲುವುದಿಲ್ಲ. ಮಾತಾಡುವಾಗ, ಟಿವಿ ನೋಡುವಾಗ, ಬಂದವರಿಗೆ ಕೂತ್ಕೊಳ್ಳಿ ಅನ್ನುವಾಗಲೂ ಅದು ಓಡುತ್ತಲೇ ಇರುತ್ತದೆ. ಆಮೇಲೆ ಕೇಳಿದಳು: "ಇಂದೆಟ್ ಎಂಕುಲೆ ಪಾತೆರ ಒಲ್ಪ ಉಂಡು?" ಇದರಲ್ಲಿ ನಮ್ಮ ಮಾತು ಎಲ್ಲಿದೆ?

ಮುಂದಿನ ಹದಿನೈದು ದಿನ ನಾನು ಮಾಡಿದ್ದೆಲ್ಲ ಆ ಒಂದು ಪ್ರಶ್ನೆಗಾಗಿ.

ಭಾನುವಾರ ರಾತ್ರಿ ಕರಡು ಹುಡುಕಿದೆ. ಸಿಕ್ಕಿತು. ಕೇಂದ್ರ ಆರೋಗ್ಯ ಇಲಾಖೆ ತಂಬಾಕು ನಿಯಂತ್ರಣದ 2003ರ ಕಾಯ್ದೆಗೆ ತಿದ್ದುಪಡಿ ತರಲು ಹೊರಟಿತ್ತು. ಸಾರ್ವಜನಿಕರು ಅಭಿಪ್ರಾಯ ಕಳಿಸಲು ಜನವರಿ 31 ಕೊನೆಯ ದಿನ. ಅಂದರೆ ನಮಗೆ ಸುದ್ದಿ ಮುಟ್ಟುವಾಗ ಅರ್ಧ ಸಮಯ ಕಳೆದಿತ್ತು. ಕಾಗದ ಸಿದ್ಧ ಮಾಡಿ ಸಹಿಗೆ ತಂದವರಿಗೆ ಅದು ಮೊದಲೇ ಗೊತ್ತಿತ್ತು ಅಲ್ವಾ?

ನನಗೆ ಸಿಕ್ಕ ಪ್ರತಿ ಇಂಗ್ಲಿಷಿನದು. ಆದರೆ ಭಾಷೆಗಿಂತ ಜಾಸ್ತಿ ಕಷ್ಟ ಕೊಟ್ಟದ್ದು ಅದನ್ನು ಬರೆಯುವ ಕ್ರಮ. ತಿದ್ದುಪಡಿ ಮಸೂದೆಯನ್ನು ಒಂದನ್ನೇ ಓದಿದರೆ ಏನೂ ತಿಳಿಯುವುದಿಲ್ಲ. "ಮೂಲ ಕಾಯ್ದೆಯ ಇಂಥ ಕಲಮಿನಲ್ಲಿ ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಸೇರಿಸತಕ್ಕದ್ದು" ಅಷ್ಟೇ ಇರುತ್ತದೆ. ಹಳೇ ಕಾಯ್ದೆಯನ್ನು ಪಕ್ಕದಲ್ಲಿಟ್ಟು, ಒಂದೊಂದೇ ಪದವನ್ನು ತೆಗೆದು, ಹೊಸದನ್ನು ಕೂರಿಸಿ ನೋಡಬೇಕು. ನಾನು ಕಾಯ್ದೆಯನ್ನು ಪ್ರಿಂಟ್ ತೆಗೆದು, ತೆಗೆದುಹಾಕಿದ್ದನ್ನು ಕೆಂಪು ಪೆನ್ನಿನಲ್ಲಿ ಹೊಡೆದು, ಸೇರಿಸಿದ್ದನ್ನು ನೀಲಿಯಲ್ಲಿ ಬರೆದೆ. ಮೂರು ರಾತ್ರಿ ಹಿಡಿಯಿತು. ಆಗ ಕಂಡಿತು: ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರುತ್ತದೆ. ಬಿಡಿಬಿಡಿಯಾಗಿ ಮಾರುವುದು ನಿಲ್ಲುತ್ತದೆ. ಹೋಟೆಲ್, ವಿಮಾನ ನಿಲ್ದಾಣಗಳಲ್ಲಿ ಸೇದುವವರಿಗೆ ಇರುವ ಕೋಣೆ ಹೋಗುತ್ತದೆ. ಅಂಗಡಿಯ ಮುಂದಿನ ಜಾಹೀರಾತು ಹೋಗುತ್ತದೆ.

ಇದರಲ್ಲಿ ಅಮ್ಮನಿಗೆ ಬೇಡವಾದದ್ದು ಯಾವುದು? ಹದಿನೆಂಟರ ಹುಡುಗ ಸೇದಬಾರದು ಎಂದರೆ ಅಮ್ಮ ಬೇಡ ಅನ್ನುವವಳಲ್ಲ. ವಿಮಾನ ನಿಲ್ದಾಣದ ಕೋಣೆಗೂ ಅವಳಿಗೂ ಏನು ಸಂಬಂಧ? ಆದರೆ ಅದೆಲ್ಲವನ್ನೂ ವಿರೋಧಿಸುವ ಕಾಗದದ ಕೆಳಗೆ ಅವಳ ವಕ್ರ ವಕ್ರ ಕನ್ನಡ ಅಕ್ಷರದ ಸಹಿ ಇತ್ತು.

ಹುಡುಕುತ್ತ ಹೋದಾಗ ಇನ್ನೊಂದು ವಿಷಯ ತಿಳಿಯಿತು. ಮಸೂದೆ ಮಂಡಿಸುವ ಮೊದಲು ಜನರನ್ನು ಕೇಳಬೇಕು ಎಂದು ಕೇಂದ್ರ ಸರಕಾರ 2014ರಲ್ಲೇ ಒಂದು ನೀತಿ ಮಾಡಿಕೊಂಡಿದೆ. ಕರಡನ್ನು ಕನಿಷ್ಠ 30 ದಿನ ಎಲ್ಲರಿಗೂ ಸಿಗುವ ಹಾಗೆ ಇಡಬೇಕು. ಯಾರಿಗೆ ಬಿಸಿ ತಟ್ಟುತ್ತದೋ ಅವರಿಗೆ ತಲುಪಿಸಬೇಕು. ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು. ಓದಿ ಖುಷಿಯಾಯಿತು. ಆದರೆ ಇದು ಕಾಯ್ದೆಯಲ್ಲ, ಬರೀ ನೀತಿ. ಪಾಲಿಸದಿದ್ದರೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ.

ಸಂಸತ್ತಿನ ಒಳಗೆ ಇನ್ನೊಂದು ಬಾಗಿಲಿದೆ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಅಂದರೆ ಒಂದೊಂದು ಇಲಾಖೆಯ ಮಸೂದೆಗಳನ್ನು ಕೂತು ಪರಿಶೀಲಿಸುವ ಸಂಸದರ ಸಮಿತಿಗಳು. ಮಸೂದೆ ಅಲ್ಲಿಗೆ ಹೋದರೆ ಸಮಿತಿಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜನರಿಂದ ಅಹವಾಲು ಕರೆಯುತ್ತಾರೆ. ಅಂಥ ಜಾಹೀರಾತುಗಳನ್ನು ತೆಗೆದು ನೋಡಿದೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕಳಿಸಿ ಎಂದಿರುತ್ತದೆ. ಕನ್ನಡದ ಮಾತಿಲ್ಲ, ತುಳುವಂತೂ ದೂರ. ಆ ಬಾಗಿಲೂ ಈಗ ಅಪರೂಪಕ್ಕೆ ತೆರೆಯುತ್ತದೆ. 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗೆ ಹೋಗಿದ್ದವು. 16ನೆಯದರಲ್ಲಿ ಅದು ಸುಮಾರು 25ಕ್ಕೆ ಇಳಿಯಿತು. 17ನೆಯದು ಮುಗಿಯುವಾಗ ಬರೀ 16.

ಈಗ ಒಬ್ಬರ ಬಗ್ಗೆ ಹೇಳಬೇಕು. ಹೆಸರು ಬೇಡ. ಕೊರೊನಾಕ್ಕೆ ಮೊದಲು ನಮ್ಮ ಅಂಗಡಿಗೆ ಆಗಾಗ ಬರುತ್ತಿದ್ದರು. ಬೆಂಗಳೂರಿನವರು. ಒಂದು ಉದ್ಯಮದ ಸಂಘಕ್ಕೆ ಕೆಲಸ ಮಾಡುತ್ತಿದ್ದರು. ಬೀಡಿಯದ್ದಲ್ಲ, ಬೇರೆಯದು. ಸರಕಾರ ಏನಾದರೂ ನಿಯಮ ತರಲು ಹೊರಟರೆ ಸಂಘದ ಪರವಾಗಿ ಮನವಿ ಬರೆಯುವುದು, ಅಧಿಕಾರಿಗಳನ್ನು ಭೇಟಿಯಾಗುವುದು, ಸಭೆಗೆ ಹೋಗುವುದು, ಇದೇ ಅವರ ಉದ್ಯೋಗ. ತಿಂಗಳ ಸಂಬಳ. ಲಾಬಿ ಮಾಡುವವರು ಎಂದರೆ ಸೂಟ್‌ಕೇಸಿನಲ್ಲಿ ಹಣ ತರುವವರು ಎಂದು ನಾನು ಅಂದುಕೊಂಡಿದ್ದೆ. ಇವರು ಹಾಗಿರಲಿಲ್ಲ. ಮೆತ್ತಗಿನ ಮಾತು. ಒಂದು ಕಾಮಾ ತಪ್ಪಿದರೂ ಪುಟವನ್ನು ಮತ್ತೆ ಪ್ರಿಂಟ್ ಮಾಡಿಸುತ್ತಿದ್ದರು. ಅವರ ಮನವಿಗಳಿಗೆ ಸ್ಪೈರಲ್ ಬೈಂಡಿಂಗ್ ಮಾಡಿದವಳು ನಾನೇ.

ಅವರ ನಂಬರ್ ಇತ್ತು. ಫೋನ್ ಮಾಡಿ ಇದ್ದ ವಿಷಯ ಹೇಳಿದೆ. ಅವರು ನಗಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದರು.

"ನಮಗೆ ಕಷ್ಟ ಆಗ್ತದೆ, ದಯವಿಟ್ಟು ಬೇಡ ಅಂತ ಬರೆದ್ರೆ ಪಕ್ಕಕ್ಕೆ ಇಡ್ತಾರೆ ಮೇಡಂ. ಯಾವ ಕಲಂ, ಯಾವ ಸಾಲು, ಯಾವ ಪದ ತೆಗೀಬೇಕು, ಅದರ ಜಾಗಕ್ಕೆ ಯಾವ ಪದ ಹಾಕಬೇಕು, ಎಲ್ಲ ನೀವೇ ಬರೆದು ಕೊಡಿ. ಅಲ್ಲಿ ಕೂತು ಬರೆಯೋರಿಗೆ ಕೆಲಸ ಕಮ್ಮಿ ಆಗ್ಬೇಕು. ಆಗ ಅವರು ನಿಮ್ಮದನ್ನು ತಗೊಳ್ತಾರೆ."

ಇನ್ನೊಂದು ಮಾತನ್ನೂ ಹೇಳಿದರು. ಕರಡು ಹೊರಗೆ ಬಂದ ಮೇಲೆ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ. ಇಲಾಖೆಯಲ್ಲಿ ಇಂಥದ್ದೊಂದು ಬರುತ್ತಿದೆ ಎಂಬ ಸುಳಿವು ಸಿಕ್ಕಾಗಲೇ ಅವರ ಕೆಲಸ ಶುರುವಾಗುತ್ತದೆ. ನಾಲ್ಕು ಸಲ ಹೋಗುತ್ತಾರೆ, ಕೂತು ಮಾತಾಡುತ್ತಾರೆ. ಕರಡು ಬರುವಾಗ ಅವರ ಅರ್ಧ ಮಾತು ಅದರೊಳಗೇ ಇರುತ್ತದೆ.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೂತಿದ್ದೆ. ಸಿಟ್ಟು ಬಂದದ್ದು ಅವರ ಮೇಲಲ್ಲ. ಒಬ್ಬ ಮನುಷ್ಯ ದಿನವಿಡೀ ಇದನ್ನೇ ಮಾಡಲು ಸಂಬಳ ಪಡೆಯುತ್ತಾನೆ. ಅಮ್ಮ ದಿನವಿಡೀ 700 ಬೀಡಿ ಕಟ್ಟಬೇಕು. ಇಬ್ಬರಿಗೂ 30 ದಿನ ಕೊಟ್ಟಿದ್ದೇವೆ ಎಂದರೆ ಅದು ಸಮಾನ ಆಗುತ್ತದಾ? ಅವನು ಯಾರನ್ನು ಭೇಟಿಯಾದ, ಏನು ಕೇಳಿದ, ಅವನಿಗೆ ಹಣ ಯಾರು ಕೊಟ್ಟರು ಎಂದು ಬರೆದಿಡುವ ಪುಸ್ತಕವೂ ನಮ್ಮ ದೇಶದಲ್ಲಿ ಇಲ್ಲ. ಬೀಡಿ ಬ್ರಾಂಚಿನಲ್ಲಿ ಒಂದೊಂದು ಕಟ್ಟಿಗೂ ಲೆಕ್ಕ ಬರೆಯುತ್ತಾರೆ.

ಅಮೆರಿಕದಲ್ಲಿ ಅದಕ್ಕಾಗಿ 1995ರ ಕಾಯ್ದೆ ಇದೆ. ಹಣ ಪಡೆದು ಲಾಬಿ ಮಾಡುವವರು ನೋಂದಾಯಿಸಿಕೊಂಡು ಲೆಕ್ಕ ಕೊಡಬೇಕು. 2012ರ ಕೊನೆಗೆ ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳ ಲಾಬಿಗೆ ಖರ್ಚು ಮಾಡಿದ ಸುದ್ದಿ ನಮ್ಮ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿತ್ತು. ಅದು ತಿಳಿದದ್ದೇ ಅಮೆರಿಕದಲ್ಲಿ ಆ ಕಂಪನಿ ಸಲ್ಲಿಸಿದ್ದ ಲೆಕ್ಕದಿಂದ. ನಮ್ಮಲ್ಲೂ ಇಂಥ ಕಾಯ್ದೆ ಬೇಕೆಂದು ಒಡಿಶಾದ ಸಂಸದ ಕಾಳಿಕೇಶ ನಾರಾಯಣ ಸಿಂಗ್ ದೇವ್ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸಂಸದರು ತಾವೇ ತರುವ ಮಸೂದೆ, ತಂದಿದ್ದರು. ಖಾಸಗಿ ಸದಸ್ಯರ ಮಸೂದೆಯೊಂದು ಸಂಸತ್ತಿನಲ್ಲಿ ಪಾಸಾಗಿ ಕಾಯ್ದೆಯಾದದ್ದು 1970ರಲ್ಲಿ ಕೊನೆ.

ತಂಬಾಕಿನ ವಿಷಯದಲ್ಲೇ ಹಿಂದೆ ಏನಾಗಿತ್ತು ಎಂದು ಆ ವಾರ ಓದಿಕೊಂಡೆ. ಪೊಟ್ಟಣದ ಮೇಲೆ ಶೇಕಡಾ 85 ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಎಂದು 2014ರ ಅಕ್ಟೋಬರಿನಲ್ಲಿ ನಿಯಮ ಬಂತು. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅಷ್ಟರಲ್ಲಿ ಲೋಕಸಭೆಯ ಒಂದು ಸಮಿತಿ ತಡೆಹಿಡಿಯಿರಿ ಎಂದಿತು. ಆ ಸಮಿತಿಯಲ್ಲಿ ಅಲಹಾಬಾದಿನ ಸಂಸದ ಶ್ಯಾಮಾಚರಣ ಗುಪ್ತಾ ಇದ್ದರು. ಅವರು ಸ್ವತಃ ಬೀಡಿ ಉದ್ಯಮಿ. ಬೀಡಿ ಮಾರುವವರೇ ಬೀಡಿಯ ನಿಯಮ ಪರಿಶೀಲಿಸುವ ಮೇಜಿನಲ್ಲಿ ಕೂತಿದ್ದರು. ಬೀಡಿ ಕಟ್ಟುವವರು ಯಾರೂ ಅಲ್ಲಿ ಕೂತಿರಲಿಲ್ಲ. ನಿಯಮ ಜಾರಿಯಾದದ್ದು ಒಂದು ವರ್ಷ ತಡವಾಗಿ, 2016ರ ಏಪ್ರಿಲಿನಲ್ಲಿ. 2017ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಅದನ್ನು ರದ್ದು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟದ್ದರಿಂದ ಚಿತ್ರ ಉಳಿಯಿತು. ತಂಬಾಕು ನಿಯಮದ ಚರ್ಚೆ ಎದ್ದಾಗಲೆಲ್ಲ ಒಂದೇ ಮಾತು ಕೇಳಿ ಬರುತ್ತದೆ: ಲಕ್ಷಾಂತರ ಬಡ ಬೀಡಿ ಕಾರ್ಮಿಕರ ಹೊಟ್ಟೆಪಾಡು. ದೇಶದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರೇ ಸುಮಾರು 50 ಲಕ್ಷ, ಹೆಚ್ಚಿನವರು ಮನೆಯಲ್ಲಿ ಕೂತು ಕಟ್ಟುವ ಹೆಂಗಸರು. ಮಾತು ಸುಳ್ಳಲ್ಲ. ಆದರೆ ಅದನ್ನು ಆಡುತ್ತಿದ್ದ ಬಾಯಿ ನಮ್ಮದಲ್ಲ.

ಜನವರಿ 20ರಿಂದ ನಮ್ಮ ಜಗಲಿಯಲ್ಲಿ ಕೂತೆವು. ಬುಧವಾರ, ಗುರುವಾರ, ಶುಕ್ರವಾರ. ಮೊದಲ ದಿನ ಐದು ಜನ, ಮೂರನೇ ದಿನ ಹದಿನೇಳು. ಎಲ್ಲರೂ ತಮ್ಮ ತಮ್ಮ ತಡ್ಪೆ ಹಿಡಿದುಕೊಂಡೇ ಬಂದರು, ಕೆಲಸ ನಿಲ್ಲಿಸುವ ಹಾಗಿಲ್ಲವಲ್ಲ. ನಾನು ಕೆಂಪು ನೀಲಿ ಗೀಚಿದ ಪುಟ ಹಿಡಿದು ಓದುವುದು, ತುಳುವಿನಲ್ಲಿ ಹೇಳುವುದು, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವುದು. ರಾತ್ರಿ ಅದನ್ನು ಇಂಗ್ಲಿಷ್ ಮಾಡುವುದು. ಮೂರು ಭಾಷೆ ದಾಟಿ ಹೋಗಬೇಕಿತ್ತು ಒಂದೊಂದು ಮಾತೂ.

ಎಲ್ಲರೂ ಒಂದೇ ಮಾತು ಹೇಳಲಿಲ್ಲ. ಹಾಗೆ ಬರೆದರೆ ತಪ್ಪಾಗುತ್ತದೆ.

"ಬೀಡಿ ನಿಂತರೆ ನಾಳೆ ಅನ್ನ ಯಾರು ಹಾಕ್ತಾರೆ? ನೀನಾ?" ಎಂದು ಒಬ್ಬ ಅಕ್ಕ ನೇರ ನನ್ನನ್ನೇ ಕೇಳಿದರು. ಹಿಂದಿನ ವರ್ಷ ಲಾಕ್‌ಡೌನಿನಲ್ಲಿ ಬ್ರಾಂಚು ಮುಚ್ಚಿ, ಎಲೆ ಸಿಗದೆ, ಅಕ್ಕಿಗೆ ಸಾಲ ಮಾಡಿದ್ದು ಅವರಿಗೆ ಇನ್ನೂ ತೀರಿರಲಿಲ್ಲ. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇನ್ನೊಬ್ಬರು ಮಾತಾಡಲು ಶುರು ಮಾಡಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದೆವು. ಆಮೇಲೆ ಅವರು ಹೇಳಿದ್ದು, "ನಾನು ಒಂದು ಬೀಡಿಯೂ ಸೇದಿದವಳಲ್ಲ." ಹುಡಿಯ ಘಾಟು ನಮ್ಮ ಮನೆಗಳಲ್ಲಿ ತೊಟ್ಟಿಲ ಮಗುವಿಗೂ ಗೊತ್ತು.

ಕೊನೆಗೆ ದಾರಿ ತೋರಿಸಿದ್ದು ಅಮ್ಮ. "ಬೀಡಿ ಬೇಡ ಅಂತ ಹೇಳುದಲ್ಲ. ಬೀಡಿ ಬಿಟ್ಟರೆ ಎಂತ, ಅದನ್ನು ಹೇಳಿ ಅಂತ ಬರಿ."

ಬರೆದೆ. ಆ ಬೆಂಗಳೂರಿನವರು ಹೇಳಿಕೊಟ್ಟ ಹಾಗೆ ನಾಲ್ಕು ಕಾಲಂ ಹಾಕಿದೆ. ಕಲಂ ಯಾವುದು, ಕರಡಿನಲ್ಲಿ ಏನಿದೆ, ಏನಾಗಬೇಕು, ಯಾಕೆ. ವಯಸ್ಸು 21 ಆಗುವುದಕ್ಕೆ ನಮ್ಮ ಒಪ್ಪಿಗೆ ಇದೆ. ಬಿಡಿ ಮಾರಾಟ ನಿಲ್ಲುವುದಕ್ಕೂ ಒಪ್ಪಿಗೆ ಇದೆ, ನಾವು ಕಟ್ಟಿಕೊಡುವುದೇ ಕಟ್ಟು ಲೆಕ್ಕದಲ್ಲಿ. ಮೂರನೆಯದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಮೂಲ ಕಾಯ್ದೆಯ ಕಲಂ 3ರಲ್ಲಿ ಉತ್ಪಾದನೆ ಎಂದರೆ ಏನು ಎಂದು ಹೇಳಿದೆ, ಅದರಲ್ಲಿ ಬೀಡಿ ತಯಾರಿಸುವುದೂ ಸೇರಿದೆ. ಹಾಗಾದರೆ ಮನೆಯಲ್ಲಿ ಮಜೂರಿಗೆ ಕಟ್ಟುವ ಅಮ್ಮನೂ ಉತ್ಪಾದಕಳೇ? ಉತ್ಪಾದಕರಿಗೆ ದಂಡ ಬಿದ್ದರೆ ಅದು ಕಂಪನಿಗೋ, ಜಗಲಿಗೋ? ಆದ್ದರಿಂದ ಆ ವ್ಯಾಖ್ಯೆಗೆ ಒಂದು ವಿವರಣೆ ಸೇರಿಸಿ: ಬೇರೆಯವರು ಕೊಟ್ಟ ಕಚ್ಚಾ ಮಾಲಿನಿಂದ ಮನೆಯಲ್ಲಿ ಮಜೂರಿಗೆ ಬೀಡಿ ಕಟ್ಟುವ ವ್ಯಕ್ತಿಯನ್ನು ಈ ಕಾಯ್ದೆಯ ಉದ್ದೇಶಕ್ಕೆ ಉತ್ಪಾದಕ ಎಂದು ಪರಿಗಣಿಸತಕ್ಕದ್ದಲ್ಲ. ಈ ಸಾಲನ್ನು ಇಂಗ್ಲಿಷಿನಲ್ಲಿ ಹನ್ನೊಂದು ಸಲ ತಿದ್ದಿದೆ. ಆ ರಾತ್ರಿ ನನಗೆ ಬಂದ ಸಂತೋಷ ಬೇರೆ ಯಾವ ಟೈಪಿಂಗಿನಲ್ಲೂ ಬಂದಿಲ್ಲ.

ನಾಲ್ಕನೆಯದು ಅಮ್ಮನ ಮಾತು. ಅದಕ್ಕೆ ಆಧಾರ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಹಾಕಿದೆ. ಅದರ 17ನೇ ವಿಧಿ ತಂಬಾಕಿನ ಕೆಲಸಗಾರರಿಗೂ ಬೆಳೆಗಾರರಿಗೂ ಹೊಟ್ಟೆ ತುಂಬುವ ಬೇರೆ ಕೆಲಸ ತೋರಿಸಿ ಎನ್ನುತ್ತದೆ. ಅದೇ ಒಪ್ಪಂದದ 5.3ನೇ ವಿಧಿ ಆರೋಗ್ಯದ ನೀತಿ ಮಾಡುವಾಗ ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಅದನ್ನು ಕಾಪಾಡಿ ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದೆವು: ತಂಬಾಕಿನ ತೆರಿಗೆಯಲ್ಲಿ ಒಂದು ಪಾಲು ಬೇರೆ ಕೆಲಸಕ್ಕೆ, ಅದನ್ನು ತೀರ್ಮಾನಿಸುವ ಸಮಿತಿಯಲ್ಲಿ ಬೀಡಿ ಕಟ್ಟುವವರು. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದೇ 1976ರ ಕಾಯ್ದೆಯಂತೆ ಬೀಡಿಯ ಮೇಲೆ ಒಂದು ಸೆಸ್ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದು ಹೋಯಿತು. ಸೆಸ್ ತೆಗೆಯುವಾಗಲೂ ನಮ್ಮ ಜಗಲಿಗೆ ಯಾರೂ ಬಂದು ಕೇಳಿರಲಿಲ್ಲ.

ಸಹಿಗೆ ಹೊರಟಾಗ ಮತ್ತೊಂದು ಕಷ್ಟ. ಮಕ್ಕಳನ್ನು ಒಬ್ಬರೇ ಸಾಕಿದ ಒಬ್ಬ ಅಕ್ಕ, ಮೂರೂ ದಿನ ಬಂದು ಎಲ್ಲರಿಗಿಂತ ಜಾಸ್ತಿ ಮಾತಾಡಿದವರು, ಪೆನ್ನು ಹಿಡಿದು ಮತ್ತೆ ಕೆಳಗಿಟ್ಟರು. "ಬ್ರಾಂಚಿನವರಿಗೆ ಗೊತ್ತಾದ್ರೆ ನಂಗೆ ಒಳ್ಳೆ ಎಲೆ ಸಿಗ್ಲಿಕ್ಕಿಲ್ಲ ಮಾರಾಯ್ತಿ." ಕೆಟ್ಟ ಎಲೆ ಅಂದರೆ ತೂತು ಎಲೆ, ಒಣಕಲು ಎಲೆ. ಅದರಲ್ಲಿ ಸಾವಿರ ಬೀಡಿ ಏಳುವುದಿಲ್ಲ. ಕಮ್ಮಿ ಬಿದ್ದ ಎಲೆಯನ್ನು ಕೈಯಿಂದ ದುಡ್ಡು ಹಾಕಿ ತರಬೇಕು. ಅವರನ್ನು ಒತ್ತಾಯ ಮಾಡಲಿಲ್ಲ. ಅವರ ಮಾತು ಪತ್ರದಲ್ಲಿದೆ, ಹೆಸರಿಲ್ಲ. ಕೊನೆಗೆ 43 ಸಹಿ ಆಯಿತು. ಮೊದಲ ಕಾಗದಕ್ಕೆ ಸಹಿ ಹಾಕಿದವರೇ ಇದಕ್ಕೂ ಹಾಕಿದರು. ಅದನ್ನು ಮುಚ್ಚಿಡಲಿಲ್ಲ. "ಇದಕ್ಕೆ ಮೊದಲು ಒಂದು ಕಾಗದಕ್ಕೆ ಓದದೆ ಸಹಿ ಹಾಕಿದ್ದೇವೆ, ಅದು ನಮ್ಮ ಅಭಿಪ್ರಾಯ ಅಲ್ಲ" ಎಂದು ಮೊದಲ ಪ್ಯಾರಾದಲ್ಲೇ ಬರೆದೆವು.

25ರ ಸೋಮವಾರ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿಗೆ ಅಮ್ಮನೂ ಬಂದಳು. ರಿಜಿಸ್ಟರ್ಡ್ ಅಂಚೆ, ಜೊತೆಗೆ ಮುಟ್ಟಿದ್ದಕ್ಕೆ ವಾಪಸು ಬರುವ ಕಾರ್ಡು. ಮರುದಿನ ಗಣರಾಜ್ಯೋತ್ಸವದ ರಜೆ, 31 ಭಾನುವಾರ. ಮುಟ್ಟುತ್ತದೋ ಇಲ್ಲವೋ ಎಂದು ಇಮೇಲ್ ಕೂಡ ಕಳಿಸಿದೆ. ಅಂಟು ಹಚ್ಚುವಾಗ ಅಮ್ಮ ನನ್ನ ಕೈಯಿಂದ ಲಕೋಟೆ ತೆಗೆದುಕೊಂಡು ತಾನೇ ಅಂಚು ಒತ್ತಿದಳು. ಬೀಡಿಯ ತುದಿ ಮಡಚಿ ಮಡಚಿ ಹೆಬ್ಬೆರಳ ಉಗುರು ಒಂದು ಬದಿಗೆ ಸವೆದುಹೋಗಿದೆ. ಆ ಉಗುರಿನಿಂದ ಉದ್ದಕ್ಕೂ ಗೀರಿದಳು.

ಒಬ್ಬ ಜನಪ್ರತಿನಿಧಿಯ ಕಚೇರಿಗೂ ಹೋದೆವು. ಲೋಕಸಭೆಯ ಅರ್ಜಿ ಸಮಿತಿಗೆ ಸಾಮಾನ್ಯರೂ ಅರ್ಜಿ ಕೊಡಬಹುದು, ಅದನ್ನು ಸಂಸದರೊಬ್ಬರು ಸಹಿ ಮಾಡಿ ಮಂಡಿಸಬೇಕು ಎಂದು ಓದಿದ್ದೆ. ಅಲ್ಲಿದ್ದ ಸಹಾಯಕರು ಮರ್ಯಾದೆಯಿಂದಲೇ ಕೂರಿಸಿದರು. "ಯಾವ ಸಂಘ?" ಎಂದು ಕೇಳಿದರು. ಸಂಘ ಇಲ್ಲ, ಮನೆಯವರು ಎಂದೆವು. ಲೆಟರ್‌ಹೆಡ್ ಇಲ್ಲ, ಪದಾಧಿಕಾರಿ ಇಲ್ಲ, ಸೀಲು ಇಲ್ಲ. ಅವರಿಗೆ ನಮ್ಮನ್ನು ಯಾವ ಫೈಲಿಗೆ ಹಾಕಬೇಕೆಂದು ತಿಳಿಯಲಿಲ್ಲ. ಪ್ರತಿ ತೆಗೆದುಕೊಂಡರು. ಅಲ್ಲಿಗೆ ಮುಗಿಯಿತು.

ಫೆಬ್ರವರಿ ನಡುವಿನಲ್ಲಿ ಕಾರ್ಡು ವಾಪಸು ಬಂತು. ಹಿಂದೆ ದೆಹಲಿಯ ದುಂಡು ಮುದ್ರೆ, ಯಾರದೋ ಸಣ್ಣ ಸಹಿ. ಅಮ್ಮ ಅದನ್ನು ಪಿಎಫ್ ಪುಸ್ತಕದೊಳಗೆ ಇಟ್ಟಳು.

ಆ ಕರಡು ಕೇಂದ್ರದಲ್ಲಿ ಕಾಯ್ದೆ ಆಗಲಿಲ್ಲ. ಯಾರ ಮಾತಿನಿಂದ ನಿಂತಿತು, ಯಾರು ಯಾರನ್ನು ಭೇಟಿಯಾದರು ಎಂದು ಹೇಳುವ ದಾಖಲೆ ನನ್ನ ಹಾಗಿನವರಿಗೆ ಸಿಗುವುದಿಲ್ಲ. ಅದೇ ನನ್ನ ದೂರು. ನಿಂತದ್ದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ರಾಜಕೀಯ ಪಕ್ಷಗಳಿಗೆ ಹಣ ಕೊಟ್ಟವರ ಹೆಸರು ತಿಳಿಯುವ ಹಕ್ಕು ಮತದಾರರಿಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ರದ್ದು ಮಾಡಿತು. ಹಾಗಾದರೆ ಕಾನೂನಿನ ಸಾಲಿಗೆ ಮಾತು ಕೊಟ್ಟವರ ಹೆಸರು ತಿಳಿಯುವುದು ಬೇಡವೇ?

ನಮ್ಮ ರಾಜ್ಯ 2024ರಲ್ಲಿ ತನ್ನದೇ ತಿದ್ದುಪಡಿ ಪಾಸು ಮಾಡಿತು. ವಯಸ್ಸು 21, ಒಂಟಿ ಸಿಗರೇಟು ಮಾರಾಟ ಇಲ್ಲ, ಹುಕ್ಕಾ ಬಾರ್ ಇಲ್ಲ. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಳ್ಳೆಯದೇ ಆಯಿತು. ಆದರೆ ನನಗೆ ಅದು ಗೊತ್ತಾದದ್ದು ವಿಧಾನಸಭೆ ಒಪ್ಪಿದ ಮೇಲೆ, ಪೇಪರಿನಲ್ಲಿ. ಇಷ್ಟೆಲ್ಲ ಮಾಡಿದವಳಿಗೇ ಹೀಗೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ 15ರಂದು ಒಪ್ಪಿಗೆ ಕೊಟ್ಟಿತು. ಉದ್ಯಮದವರು, ಐಟಿ ಕಂಪನಿಗಳ ಸಂಘದವರು ವಿರೋಧಿಸಿದರು. 17ರಂದು ಸರಕಾರ ಅದನ್ನು ತಡೆಹಿಡಿಯಿತು. ಆ ಮಸೂದೆ ಬೇಕೋ ಬೇಡವೋ ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಎರಡು ದಿನ. ನಮಗೆ ಒಂದು ಕರಡಿನ ಅರ್ಥ ಬಿಡಿಸಲು ಮೂರು ರಾತ್ರಿ ಬೇಕಾಗಿತ್ತು.

2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ಬೀಡಿಯ ತೆರಿಗೆಯನ್ನು 28ರಿಂದ 18ಕ್ಕೆ, ಎಲೆಯದನ್ನು 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಸಿಗರೇಟು, ಗುಟ್ಕಾ 40ರ ಸಾಲಿಗೆ ಹೋದವು. ಸುದ್ದಿ ಓದಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ಸಾವಿರಕ್ಕೆ ಎಷ್ಟು ಜಾಸ್ತಿ ಮಾಡ್ತಾರಂತೆ?" ಸಾವಿರ ಬೀಡಿಗೆ ಸಿಗುವ ಮಜೂರಿಯ ಮಾತೇ ಆ ತೀರ್ಮಾನದಲ್ಲಿ ಇರಲಿಲ್ಲ.

ಈಗ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 2025ರ ನವೆಂಬರ್ 21ರಿಂದ ಜಾರಿ. ಬೀಡಿ ಕಾರ್ಮಿಕರಿಗೆಂದೇ ಇದ್ದ 1966ರ ಕಾಯ್ದೆ ಅದರಲ್ಲಿ ಕರಗಿಹೋಗಿದೆ. ಕೆಟ್ಟ ಬೀಡಿ ಎಂದು ಎಷ್ಟು ತೆಗೆದುಹಾಕಬಹುದು ಎನ್ನುವಂಥ, ನಮ್ಮ ದಿನದ ಮಜೂರಿಗೆ ನೇರ ತಾಗುವ ಮಾತುಗಳು ಹಳೇ ಕಾಯ್ದೆಯಲ್ಲಿ, ಅದರ ನಿಯಮಗಳಲ್ಲಿ ಇದ್ದವು. ಹೊಸ ನಿಯಮಗಳಲ್ಲಿ ಅವು ಎಲ್ಲಿ ಹೋಗಿವೆ ಎಂದು ಹುಡುಕಬೇಕು. ಹಳೆಯದನ್ನು ಪ್ರಿಂಟ್ ತೆಗೆದಿದ್ದೇನೆ. ಕೆಂಪು ಪೆನ್ನು, ನೀಲಿ ಪೆನ್ನು ತಂದಿದ್ದೇನೆ.

ಪೆನ್ನು ಕೆಳಗಿಟ್ಟಿದ್ದ ಆ ಅಕ್ಕ ಮೊನ್ನೆ ಸಂಜೆ ಬಂದರು. ತಡ್ಪೆ ಪಕ್ಕಕ್ಕಿಟ್ಟು, ಚೀಲದಿಂದ ಒಂದು ಹಳೇ ಬ್ರಾಂಚಿನ ಪುಸ್ತಕ ತೆಗೆದರು. ಹತ್ತು ವರ್ಷದ ಲೆಕ್ಕ ಅದರಲ್ಲಿದೆ. ಪ್ರತಿ ವಾರ ಎಷ್ಟು ಕೊಟ್ಟರು, ಅದರಲ್ಲಿ ಎಷ್ಟನ್ನು ಸರಿಯಿಲ್ಲ ಎಂದು ತೆಗೆದರು, ಎಲ್ಲವನ್ನೂ ಅವರೇ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.

"ಇದು ಸಾಕಾ ನೋಡು" ಅಂದರು. ಮೊದಲ ಪುಟದಿಂದ ಟೈಪ್ ಮಾಡಲು ಶುರು ಮಾಡಿದ್ದೇನೆ.